ತಿರುಗಿ ಕೂತ ಜೀನುಗಳು

ಒಂದು ವರ್ಣತಂತು ಎರಡು ಕಡೆ ಮುರಿದು, ನಡುವಿನ ತುಂಡು ಹಿಂದುಮುಂದಾಗಿ ತಿರುಗಿ, ಅದೇ ಜಾಗದಲ್ಲಿ ಮತ್ತೆ ಬೆಸೆದುಕೊಂಡರೆ ಅದನ್ನು ಇನ್ವರ್ಷನ್ ಎನ್ನುತ್ತಾರೆ. ಅಲ್ಲಿ ಒಂದು ಜೀನೂ ಕಳೆದುಹೋಗಿರುವುದಿಲ್ಲ, ಒಂದೂ ಹೊಸದಾಗಿ ಸೇರಿರುವುದಿಲ್ಲ. ಜೀನುಗಳು ಕೂತ ಸಾಲು ಮಾತ್ರ ತಿರುಗುಮುರುಗಾಗಿರುತ್ತದೆ. ಜೀವಶಾಸ್ತ್ರದ ಪಾಠಗಳಲ್ಲಿ ಇದು ಸಾಮಾನ್ಯವಾಗಿ ವರ್ಣತಂತುಗಳ ದೋಷಗಳ ಪಟ್ಟಿಯಲ್ಲಿ, ತುಂಡು ಕಳೆದುಹೋಗುವುದು, ತುಂಡು ಇಮ್ಮಡಿಯಾಗುವುದು ಇವುಗಳ ಪಕ್ಕದಲ್ಲೇ ಬಂದು ಹೋಗುತ್ತದೆ. ಹಾಗೆ ಒಂದೇ ಸಾಲಿನಲ್ಲಿ ಕೂರಿಸಿದ್ದರಿಂದ ಇನ್ವರ್ಷನ್ನಿನ ನಿಜಸ್ವಭಾವವೇ ಮರೆಯಾಗಿದೆ ಎಂಬುದು ನನ್ನ ವಾದ. ತುಂಡು ಕಳೆದುಕೊಂಡ ತಂತುವಿನ ತೊಂದರೆ ಆ ತಂತುವಿನಲ್ಲೇ ಇರುತ್ತದೆ. ತಿರುಗಿದ ತಂತುವಿನ ವಿಷಯ ಬೇರೆ. ಅದರ ಪರಿಣಾಮವನ್ನು ತಿಳಿಯಬೇಕಾದರೆ ಅದಕ್ಕೆ ಸಿಕ್ಕಿರುವ ಜೊತೆಗಾರ ತಂತು ಯಾವುದು ಎಂದು ನೋಡಬೇಕು. ಎರಡೂ ನೆಟ್ಟಗಿದ್ದರೆ ತೊಂದರೆಯಿಲ್ಲ. ಎರಡೂ ಒಂದೇ ರೀತಿ ತಿರುಗಿದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಒಂದು ನೆಟ್ಟಗಿದ್ದು ಇನ್ನೊಂದು ತಿರುಗಿದ್ದಾಗಲೇ ಎಲ್ಲ ಲೆಕ್ಕವೂ ಬದಲಾಗುತ್ತದೆ. ಈ ಒಂದು ಮಾತನ್ನು ಬಿಗಿಯಾಗಿ ಹಿಡಿದುಕೊಂಡರೆ, ಕೆಲವು ಕುಟುಂಬಗಳಲ್ಲಿ ಮರಳಿ ಮರಳಿ ಆಗುವ ಗರ್ಭಪಾತದಿಂದ ಹಿಡಿದು ನೊಣ, ಹಕ್ಕಿಗಳ ವಿಕಾಸದವರೆಗೆ ಬೇರೆ ಬೇರೆಯಾಗಿ ಕಾಣುವ ಹಲವು ಸಂಗತಿಗಳು ಒಂದೇ ಎಳೆಯಲ್ಲಿ ಬಿಡಿಸಿಕೊಳ್ಳುತ್ತವೆ.

ಅಂಡಾಣು, ವೀರ್ಯಾಣುಗಳು ತಯಾರಾಗುವಾಗ ನಡೆಯುವ ಕೋಶವಿಭಜನೆಯೇ ಮಿಯಾಸಿಸ್. ನಮ್ಮ ಕೋಶದಲ್ಲಿರುವ 23 ಜೋಡಿ ವರ್ಣತಂತುಗಳಲ್ಲಿ ಪ್ರತಿ ಜೋಡಿಯ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಮಿಯಾಸಿಸ್‌ನ ಆರಂಭದಲ್ಲಿ ಈ ಜೊತೆಗಾರರು ಒಂದರ ಮಗ್ಗುಲಲ್ಲಿ ಇನ್ನೊಂದು ಬಂದು, ಜೀನಿಗೆ ಜೀನು ಎದುರುಬದುರಾಗುವಂತೆ ಅಂಟಿಕೊಳ್ಳುತ್ತವೆ. ಆಗ ಅಲ್ಲಲ್ಲಿ ಎರಡೂ ತುಂಡಾಗಿ, ಅದರ ತುಂಡು ಇದಕ್ಕೆ ಇದರ ತುಂಡು ಅದಕ್ಕೆ ಜೋಡಿಕೊಳ್ಳುತ್ತದೆ. ಇದೇ ಕ್ರಾಸಿಂಗ್ ಓವರ್. ಒಡಹುಟ್ಟಿದವರು ಒಬ್ಬರಂತೆ ಒಬ್ಬರು ಇರದಿರುವುದಕ್ಕೆ ಇದೂ ಒಂದು ಕಾರಣ. ಈ ವ್ಯವಹಾರ ಸುಸೂತ್ರವಾಗಿ ನಡೆಯಬೇಕಾದರೆ ಎರಡೂ ತಂತುಗಳಲ್ಲಿ ಜೀನುಗಳ ಸಾಲು ಒಂದೇ ಆಗಿರಬೇಕು. ಒಂದು ತಂತುವಿನಲ್ಲಿ ಕ, ಖ, ಗ, ಘ, ಚ ಎಂಬ ಸಾಲಿದ್ದು, ಅದರ ಜೊತೆಗಾರನಲ್ಲಿ ನಡುವಿನ ಭಾಗ ತಿರುಗಿ ಕ, ಘ, ಗ, ಖ, ಚ ಎಂದಾಗಿದೆ ಎಂದುಕೊಳ್ಳಿ. ಇವು ನೇರವಾಗಿ ಪಕ್ಕಪಕ್ಕ ಮಲಗಿದರೆ ಖ ಎದುರು ಘ ಬರುತ್ತದೆ. ಜೀನಿಗೆ ಜೀನು ಕೂಡಿಸಲೇಬೇಕೆಂದು ತಂತುಗಳು ಆ ಭಾಗದಲ್ಲಿ ಸುತ್ತಿಕೊಂಡು ಒಂದು ಕುಣಿಕೆ ಹಾಕಿಕೊಳ್ಳುತ್ತವೆ. ತಿರುಗಿದ ಭಾಗ ತೀರಾ ಚಿಕ್ಕದಾಗಿದ್ದರೆ ಕುಣಿಕೆಯೂ ಆಗದೆ ಅಲ್ಲಿ ಕೂಡಿಕೊಳ್ಳುವುದೇ ತಪ್ಪಿಹೋಗಬಹುದು. ಕುಣಿಕೆ ಬಿದ್ದಮೇಲೆ ಅದರೊಳಗೆ ಒಂದು ಕ್ರಾಸಿಂಗ್ ಓವರ್ ನಡೆಯಿತೆಂದರೆ, ಮುಂದಿನದೆಲ್ಲ ಸೆಂಟ್ರೊಮಿಯರ್ ಎಲ್ಲಿದೆ ಎಂಬುದರ ಮೇಲೆ ನಿಂತಿರುತ್ತದೆ. ಕೋಶ ಇಬ್ಭಾಗವಾಗುವಾಗ ತಂತುವನ್ನು ಎಳೆದೊಯ್ಯುವ ನೂಲುಗಳು ಹಿಡಿಯುವ ಜಾಗವೇ ಈ ಸೆಂಟ್ರೊಮಿಯರ್.

ಮೊದಲು ಸೆಂಟ್ರೊಮಿಯರ್ ಕುಣಿಕೆಯ ಹೊರಗೆ, ಕ ಪಕ್ಕದಲ್ಲಿ ಇದೆ ಎಂದುಕೊಳ್ಳೋಣ. ಖ ಮತ್ತು ಗ ನಡುವೆ ತುಂಡು ಅದಲುಬದಲಾಯಿತು. ನೆಟ್ಟಗಿರುವ ತಂತುವಿನಲ್ಲಿ ಸೆಂಟ್ರೊಮಿಯರ್‌ನಿಂದ ಹೊರಟು ಕ, ಖ ದಾಟಿ ಜೊತೆಗಾರ ತಂತುವಿಗೆ ಹಾರಿದರೆ, ಅಲ್ಲಿ ಗ, ಘ, ಕ ಎಂದು ಸಾಗಿ ಕೊನೆಗೆ ಸಿಗುವುದು ಇನ್ನೊಂದು ಸೆಂಟ್ರೊಮಿಯರ್. ಅಂದರೆ ಹುಟ್ಟಿದ್ದು ಎರಡು ಸೆಂಟ್ರೊಮಿಯರ್ ಇರುವ, ಎರಡೂ ತುದಿಯಲ್ಲಿ ಕ ಇರುವ, ಚ ಇಲ್ಲದ ತಂತು. ಅದರ ಜೊತೆಯಲ್ಲೇ ಚ, ಘ, ಗ, ಖ, ಚ ಎಂಬ ಇನ್ನೊಂದು ಹುಟ್ಟುತ್ತದೆ. ಅದಕ್ಕೆ ಸೆಂಟ್ರೊಮಿಯರೇ ಇಲ್ಲ. ಕೋಶ ಇಬ್ಭಾಗವಾಗುವಾಗ ಎರಡು ಸೆಂಟ್ರೊಮಿಯರ್‌ನ ತಂತುವನ್ನು ನೂಲುಗಳು ಎರಡೂ ಕಡೆಯಿಂದ ಎಳೆಯುತ್ತವೆ. ಅದು ನಡುವೆ ಸೇತುವೆಯಂತೆ ಬಿಗಿದು ನಿಂತು, ಕೊನೆಗೆ ಎಲ್ಲೋ ಒಂದು ಕಡೆ ಹರಿಯುತ್ತದೆ. ಹಿಡಿಯಿಲ್ಲದ ತುಂಡು ಯಾವ ಕಡೆಗೂ ಸೇರದೆ ಕಳೆದುಹೋಗುತ್ತದೆ. ಈಗ ಸೆಂಟ್ರೊಮಿಯರ್ ಕುಣಿಕೆಯ ಒಳಗೇ ಇದೆ ಎಂದುಕೊಳ್ಳಿ. ಅಕ್ಷರಗಳ ಲೆಕ್ಕ ಅದೇ: ಒಂದರಲ್ಲಿ ಎರಡು ಕ ಇದ್ದು ಚ ಇಲ್ಲ, ಇನ್ನೊಂದರಲ್ಲಿ ಎರಡು ಚ ಇದ್ದು ಕ ಇಲ್ಲ. ವ್ಯತ್ಯಾಸವೆಂದರೆ ಎರಡಕ್ಕೂ ಒಂದೊಂದು ಸೆಂಟ್ರೊಮಿಯರ್ ಇರುತ್ತದೆ. ಸೇತುವೆ ಇಲ್ಲ, ಮುರಿತ ಇಲ್ಲ. ಎರಡೂ ನಿರಾಳವಾಗಿ ಅಂಡಾಣುವನ್ನೋ ವೀರ್ಯಾಣುವನ್ನೋ ಸೇರುತ್ತವೆ, ತಮ್ಮ ಹೆಚ್ಚು ಕಡಿಮೆಯನ್ನೂ ಹೊತ್ತುಕೊಂಡು. ಆದರೆ ಮಿಯಾಸಿಸ್‌ಗೆ ಮೊದಲೇ ಪ್ರತಿ ತಂತು ಎರಡು ಎಳೆಗಳಾಗಿ ನಕಲಾಗಿರುತ್ತದೆ, ಒಂದು ಕ್ರಾಸಿಂಗ್ ಓವರ್‌ನಲ್ಲಿ ಜೋಡಿಯ ಈ ನಾಲ್ಕು ಎಳೆಗಳ ಪೈಕಿ ಎರಡು ಮಾತ್ರ ಪಾಲುಗೊಳ್ಳುತ್ತವೆ. ಉಳಿದೆರಡು, ಒಂದು ನೆಟ್ಟಗಿನದು, ಒಂದು ತಿರುಗಿದ್ದು, ಮೊದಲಿದ್ದಂತೆಯೇ ಇದ್ದು ಮುಂದಿನ ಪೀಳಿಗೆಗೆ ಸುರಕ್ಷಿತವಾಗಿ ದಾಟುತ್ತವೆ.

ಪರಿಣಾಮ ಜೋಡಿಯಲ್ಲಿದೆ ಎಂಬ ಮಾತಿಗೆ ಮೊದಲ ಪುರಾವೆ ಒದಗಿಸಿದವರು ಆಲ್ಫ್ರೆಡ್ ಸ್ಟರ್ಟೆವಂಟ್. ಟಿ.ಎಚ್. ಮಾರ್ಗನ್ ಅವರ ಹಣ್ಣುನೊಣಗಳ ಪ್ರಯೋಗಾಲಯದಲ್ಲಿ ಬೆಳೆದ ಸ್ಟರ್ಟೆವಂಟ್, 1913ರಲ್ಲಿ ಜೀನುಗಳ ಮೊದಲ ನಕ್ಷೆ ಪ್ರಕಟಿಸಿದವರು. ಕೆಲವು ನೊಣಗಳಲ್ಲಿ ವರ್ಣತಂತುವಿನ ಒಂದು ದೊಡ್ಡ ಭಾಗದಲ್ಲಿ ಜೀನುಗಳು ಅದಲುಬದಲಾಗುವುದೇ ನಿಂತಂತಿರುವುದನ್ನು ಅವರು 1917ರ ಹೊತ್ತಿಗೇ ಗುರುತಿಸಿದ್ದರು. ಅದಕ್ಕೆ ಕಾರಣ ಯಾವುದೋ ಒಂದು ಜೀನಿನ ಕೈವಾಡವೇ? ಹಾಗಿದ್ದರೆ ಆ ಅಂಶ ಎರಡೂ ತಂತುಗಳಲ್ಲಿ ಇದ್ದಾಗ ಅದಲುಬದಲು ಇನ್ನಷ್ಟು ಕಡಿಮೆಯಾಗಬೇಕಿತ್ತು. 1926ರಲ್ಲಿ ಅವರು ತೋರಿಸಿಕೊಟ್ಟದ್ದು ಅದಕ್ಕೆ ತದ್ವಿರುದ್ಧ. ಮೂರನೆಯ ವರ್ಣತಂತುವಿನ ಎರಡೂ ಪ್ರತಿಗಳಲ್ಲಿ ಆ ಅಂಶವಿದ್ದ ನೊಣಗಳಲ್ಲಿ ಕ್ರಾಸಿಂಗ್ ಓವರ್ ಮತ್ತೆ ಸರಾಗವಾಗಿ ನಡೆಯಿತು, ಮತ್ತು ಅಲ್ಲಿಂದ ಬಿಡಿಸಿದ ನಕ್ಷೆಯಲ್ಲಿ ಜೀನುಗಳ ಸಾಲು ಹಿಂದುಮುಂದಾಗಿತ್ತು. ತಡೆಯುವ ಅಂಶವೆಂಬ ವಸ್ತು ಅಲ್ಲಿ ಇರಲೇ ಇಲ್ಲ. ಎರಡು ಬೇರೆ ಸಾಲುಗಳು ಎದುರಾದದ್ದೇ ತಡೆಯಾಗಿತ್ತು. ಇಷ್ಟನ್ನೂ ಅವರು ಸಂತತಿಯ ಎಣಿಕೆಯಿಂದಲೇ ಕಂಡುಕೊಂಡರು. ಕಣ್ಣಿಗೆ ಕಾಣುವ ಸಾಕ್ಷಿ ಅನಂತರ ಬಂತು. ಮೆಕ್ಕೆಜೋಳದ ಮಿಯಾಸಿಸ್ ಅನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಬಾರ್ಬರಾ ಮೆಕ್ಲಿಂಟಾಕ್, 1930ರ ದಶಕದಲ್ಲಿ ಕುಣಿಕೆಯನ್ನೂ ಸೇತುವೆಯನ್ನೂ ಹಿಡಿಯಿಲ್ಲದ ತುಂಡನ್ನೂ ದಾಖಲಿಸಿದರು. 1933ರಲ್ಲಿ ಥಿಯೊಫಿಲಸ್ ಪೇಂಟರ್, ಹಣ್ಣುನೊಣದ ಮರಿಹುಳುಗಳ ಜೊಲ್ಲುಗ್ರಂಥಿಯಲ್ಲಿರುವ ದೈತ್ಯ ವರ್ಣತಂತುಗಳ ಪಟ್ಟೆಗಳನ್ನು ಓದುವ ವಿಧಾನವನ್ನು ಮುಂದಿಟ್ಟ ಮೇಲೆ, ಇನ್ವರ್ಷನ್ ಹೊತ್ತ ನೊಣವನ್ನು ಆ ಕುಣಿಕೆಯಿಂದಲೇ ಗುರುತಿಸುವುದು ಸಾಧ್ಯವಾಯಿತು.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಒಂದು ನೆಟ್ಟಗಿದ್ದು ಇನ್ನೊಂದು ತಿರುಗಿದ ಬೆರಕೆ ಜೋಡಿಯಲ್ಲಿ, ಕುಣಿಕೆಯೊಳಗಿನ ಕ್ರಾಸಿಂಗ್ ಓವರ್ ಹಾಳು ತಂತುಗಳನ್ನೇ ಹುಟ್ಟಿಸುವುದಾದರೆ, ಇನ್ವರ್ಷನ್ ಹೊತ್ತ ಜೀವಿಗೆ ಸಂತಾನ ಕಡಿಮೆಯಾಗಬೇಕು. ಹೊಸದಾಗಿ ಹುಟ್ಟಿದ ಇನ್ವರ್ಷನ್ ಕೆಲವೇ ಪೀಳಿಗೆಗಳಲ್ಲಿ ಅಳಿದುಹೋಗಬೇಕು. ಆದರೆ ಹಣ್ಣುನೊಣಗಳ ಕಾಡು ಸಂತತಿಗಳಲ್ಲಿ ಇನ್ವರ್ಷನ್‌ಗಳು ತುಂಬಿ ತುಳುಕುತ್ತವೆ. ಈ ಒಗಟನ್ನು 1936ರಲ್ಲಿ ಸ್ಟರ್ಟೆವಂಟ್ ಮತ್ತು ಜಾರ್ಜ್ ಬೀಡಲ್ ಬಿಡಿಸಿದರು. ಹೆಣ್ಣುನೊಣದ ಮಿಯಾಸಿಸ್‌ನಲ್ಲಿ ನಾಲ್ಕು ಕೋಶಕೇಂದ್ರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಅಂಚಿನ ಒಂದಕ್ಕೆ ಮಾತ್ರ ಅಂಡಾಣುವಾಗುವ ಭಾಗ್ಯ. ಸೇತುವೆಯಾದ ತಂತು ನಡುವಿನ ಎರಡು ಕೇಂದ್ರಗಳ ಮಧ್ಯೆ ಸಿಕ್ಕಿಕೊಳ್ಳುವುದರಿಂದ, ಕ್ರಾಸಿಂಗ್ ಓವರ್‌ಗೆ ಒಳಗಾಗದ ಒಳ್ಳೆಯ ತಂತುವೇ ಅಂಚಿಗೆ ಹೋಗಿ ಅಂಡಾಣು ಸೇರುತ್ತದೆ. ಹಾಳಾದದ್ದು ಅಂಡಾಣುವಾಗದೆ ಉಳಿಯುವ ಧ್ರುವಕಾಯಗಳ ಜೊತೆ ನಾಶವಾಗುತ್ತದೆ. ಗಂಡು ಹಣ್ಣುನೊಣದಲ್ಲಂತೂ ಸಾಮಾನ್ಯವಾಗಿ ಕ್ರಾಸಿಂಗ್ ಓವರ್ ನಡೆಯುವುದೇ ಇಲ್ಲ. ಹೀಗಾಗಿ, ಸೆಂಟ್ರೊಮಿಯರ್ ಹೊರಗುಳಿದ ಇನ್ವರ್ಷನ್‌ಗೆ ನೊಣಗಳಲ್ಲಿ ದಂಡ ಬೀಳುವುದೇ ಅಪರೂಪ. ಇದು ನೊಣಗಳ ಅದೃಷ್ಟ, ಗಂಡಿನ ಈ ವಿಶೇಷವಿಲ್ಲದಿದ್ದರೆ ಇನ್ವರ್ಷನ್ ಉಳಿಯುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ, ಭಾರತದ ಊರುಕೇರಿಗಳಲ್ಲಿ ಹೇರಳವಾಗಿ ಸಿಗುವ ಡ್ರೊಸೊಫಿಲ ಅನನಾಸೆ ಎಂಬ ಹಣ್ಣುನೊಣವನ್ನು ತೋರಿಸಬಹುದು. ಅದರ ಗಂಡಿನಲ್ಲೂ ಕ್ರಾಸಿಂಗ್ ಓವರ್ ನಡೆಯುತ್ತದೆಂದು 1937ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ಪ್ರತ್ಯೇಕವಾಗಿ ಕಂಡುಕೊಂಡರು. ಆದರೂ ಅದರಲ್ಲಿ ಮೂರು ಇನ್ವರ್ಷನ್‌ಗಳು ಜಗತ್ತಿನಾದ್ಯಂತ ಹರಡಿವೆ. ಭಾರತದ ಉದ್ದಗಲಕ್ಕೂ ಅವುಗಳ ಪ್ರಮಾಣವನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಬಿ.ಎನ್. ಸಿಂಗ್ ದಶಕಗಳ ಕಾಲ ದಾಖಲಿಸಿದ್ದಾರೆ. ದಂಡ ತಪ್ಪಿಸಿಕೊಳ್ಳುವುದಷ್ಟೇ ಕಾರಣವಾದರೆ ಇಷ್ಟು ಹರಡುವುದು ಸಾಧ್ಯವಿಲ್ಲ. ಉಳಿಯುವುದರಿಂದ ಏನೋ ಲಾಭವೂ ಇರಬೇಕು.

ಆ ಲಾಭ ಏನೆಂದು ಪ್ರಕೃತಿಯಲ್ಲಿ ಹುಡುಕುವ ಮೊದಲು, ಮನುಷ್ಯ ಅದನ್ನು ಪ್ರಯೋಗಾಲಯದಲ್ಲಿ ಬಳಸಿಕೊಂಡ ರೀತಿಯನ್ನು ನೋಡುವುದು ಒಳ್ಳೆಯದು. ಇನ್ವರ್ಷನ್ ಕ್ರಾಸಿಂಗ್ ಓವರ್ ಅನ್ನು ಅದುಮುತ್ತದೆ ಎನ್ನುವುದು ರೂಢಿಯ ಮಾತು. ಕುಣಿಕೆಯೊಳಗೆ ಅದು ನಡೆದರೂ ಅದರ ಫಲ ಸಾಮಾನ್ಯವಾಗಿ ಮುಂದಿನ ಪೀಳಿಗೆಯನ್ನು ಮುಟ್ಟುವುದಿಲ್ಲ ಎಂಬುದು ಹೆಚ್ಚು ಸರಿಯಾದ ಮಾತು. ಫಲಿತಾಂಶ ಮಾತ್ರ ಒಂದೇ: ತಿರುಗಿದ ಭಾಗದಲ್ಲಿರುವ ಜೀನುಗಳು ಬಿಡಿಸಿಕೊಳ್ಳದ ಗಂಟಾಗಿ ಸಾಗುತ್ತವೆ. ಹರ್ಮನ್ ಮುಲ್ಲರ್ ಈ ಗಂಟನ್ನೇ ಸಾಧನವಾಗಿ ಮಾಡಿಕೊಂಡರು. ಅವರ ಸಿಎಲ್‌ಬಿ ಎಂಬ ತಂತು ಹಣ್ಣುನೊಣದ ಎಕ್ಸ್ ವರ್ಣತಂತುವೇ. ಅದರಲ್ಲಿ ಒಂದು ದೊಡ್ಡ ಇನ್ವರ್ಷನ್, ಜೀವ ತೆಗೆಯುವ ಒಂದು ಜೀನು, ಕಣ್ಣನ್ನು ಸಣ್ಣ ಪಟ್ಟಿಯಾಗಿಸುವ ಒಂದು ಗುರುತು. ಎಕ್ಸ್ ಕಿರಣ ಬಿದ್ದ ಗಂಡುನೊಣದಿಂದ ಒಂದು ಎಕ್ಸ್, ತಾಯಿಯಿಂದ ಸಿಎಲ್‌ಬಿ ಪಡೆದ ಹೆಣ್ಣನ್ನು ಕಣ್ಣಿನ ಗುರುತಿನಿಂದ ಆರಿಸಿ ಬೇರೆ ಸೀಸೆಯಲ್ಲಿ ಮರಿಮಾಡಿಸಿದರೆ, ಸಿಎಲ್‌ಬಿ ಪಡೆದ ಗಂಡುಮರಿಗಳು ಸಾಯುತ್ತವೆ. ಕಿರಣ ಬಿದ್ದ ಎಕ್ಸ್ ಪಡೆದವು ಬದುಕಬೇಕು. ಅವೂ ಇಲ್ಲವಾಗಿ ಸೀಸೆಯಲ್ಲಿ ಒಂದೂ ಗಂಡು ಕಾಣದಿದ್ದರೆ, ಆ ಎಕ್ಸ್‌ನಲ್ಲಿ ಹೊಸದೊಂದು ಮಾರಕ ಮಾರ್ಪಾಡು ಆಗಿದೆ ಎಂದರ್ಥ. ಇನ್ವರ್ಷನ್ ಇಲ್ಲದಿದ್ದರೆ ಎರಡು ಎಕ್ಸ್‌ಗಳು ಬೆರೆತು ಈ ಲೆಕ್ಕವೆಲ್ಲ ಕಲಸುಮೇಲೋಗರವಾಗುತ್ತಿತ್ತು. ಎಕ್ಸ್ ಕಿರಣಗಳು ಜೀನುಗಳನ್ನು ಬದಲಿಸುತ್ತವೆ ಎಂದು 1927ರಲ್ಲಿ ಪ್ರಕಟಿಸಿದ ಮುಲ್ಲರ್ ಅವರಿಗೆ 1946ರಲ್ಲಿ ನೊಬೆಲ್ ಬಂತು. ಅದೇ ತತ್ವದ ಮೇಲೆ ಕಟ್ಟಿದ ತಂತುಗಳಿಂದ ಇಂದಿಗೂ ಲೋಕದ ಎಲ್ಲ ನೊಣ ಪ್ರಯೋಗಾಲಯಗಳು ತಮ್ಮ ತಳಿಗಳನ್ನು ಕಾಪಾಡಿಕೊಳ್ಳುತ್ತವೆ.

ಪ್ರಯೋಗಾಲಯದಲ್ಲಿ ಮನುಷ್ಯ ಮಾಡಿದ್ದನ್ನು ಹೊರಗೆ ನಿಸರ್ಗದ ಆಯ್ಕೆ ಮಾಡಬಲ್ಲದು. ಬಿಸಿಲು ತಡೆಯುವುದಕ್ಕೆ ನೆರವಾಗುವ ನಾಲ್ಕಾರು ಜೀನು ರೂಪಗಳು ಒಂದೇ ಇನ್ವರ್ಷನ್‌ನೊಳಗೆ ಸೇರಿಕೊಂಡರೆ, ತಂಪು ಪ್ರದೇಶದಿಂದ ವಲಸೆ ಬಂದವರೊಡನೆ ಕೂಡಿದಾಗಲೂ ಆ ಗುಂಪು ಒಡೆಯುವುದಿಲ್ಲ. ಮಾರ್ಕ್ ಕರ್ಕ್‌ಪ್ಯಾಟ್ರಿಕ್ ಮತ್ತು ನಿಕ್ ಬಾರ್ಟನ್ 2006ರಲ್ಲಿ ಈ ಲಾಭವೊಂದೇ ಇನ್ವರ್ಷನ್ನನ್ನು ಹರಡಿಸಲು ಸಾಕೆಂದು ಗಣಿತದಿಂದ ತೋರಿಸಿದರು. ಪುರಾವೆ ಅದಕ್ಕಿಂತ ಹಳೆಯದು. ಥಿಯೋಡೋಸಿಯಸ್ ಡೊಬ್ಜಾನ್‌ಸ್ಕಿ ಕ್ಯಾಲಿಫೋರ್ನಿಯಾದ ಸ್ಯಾನ್ ಹಸಿಂಟೊ ಬೆಟ್ಟಗಳ ನೊಣಗಳಲ್ಲಿ, ಒಂದು ಬಗೆಯ ಸಾಲು ವಸಂತದಲ್ಲಿ ಇಳಿದು ಬೇಸಿಗೆಯಲ್ಲಿ ಏರುವುದನ್ನೂ ಅದರ ಎದುರಾಳಿ ಸಾಲು ಅದಕ್ಕೆ ವಿರುದ್ಧವಾಗಿ ನಡೆಯುವುದನ್ನೂ 1940ರ ದಶಕದಲ್ಲಿ ವರ್ಷದಿಂದ ವರ್ಷಕ್ಕೆ ಕಂಡರು. ಇದಕ್ಕಿಂತ ಮನ ಒಪ್ಪಿಸುವುದು ಡ್ರೊಸೊಫಿಲ ಸಬ್‌ಅಬ್‌ಸ್ಕ್ಯೂರ ಎಂಬ ಯುರೋಪಿನ ನೊಣದ ಕತೆ. ಅಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಅದರ ಇನ್ವರ್ಷನ್‌ಗಳ ಪ್ರಮಾಣ ಕ್ರಮವಾಗಿ ಬದಲಾಗುತ್ತದೆ. 1978ರಲ್ಲಿ ಚಿಲಿಯಲ್ಲಿ, 1982ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಈ ನೊಣ ಹೊಸದಾಗಿ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಎರಡೂ ಕಡೆ ಯುರೋಪಿನದೇ ದಿಕ್ಕಿನ ಏರಿಳಿತ ತಾನಾಗಿ ರೂಪುಗೊಂಡಿತು. ಆಕಸ್ಮಿಕ ಮೂರು ಖಂಡಗಳಲ್ಲಿ ಒಂದೇ ದಾರಿ ಹಿಡಿಯುವುದಿಲ್ಲ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೇಳಿದ್ದು, ಈ ಮೂರು ಖಂಡಗಳ 26 ತಾಣಗಳಲ್ಲಿ 22 ಹಿಂದಿಗಿಂತ ಬೆಚ್ಚಗಾಗಿದ್ದವು, ಅವುಗಳ ಪೈಕಿ 21ರಲ್ಲಿ ಬೆಚ್ಚನೆ ಹವೆಯ ಸಾಲುಗಳು ಹೆಚ್ಚಾಗಿದ್ದವು ಎಂದು. ನಮ್ಮಲ್ಲೂ ಈ ವಿದ್ಯೆಗೆ ಬೇರುಗಳಿವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್ ಮೊದಲಾದವರು ದಕ್ಷಿಣ ಭಾರತದ ಡ್ರೊಸೊಫಿಲ ನಸೂಟ ನೊಣಗಳ ಇನ್ವರ್ಷನ್‌ಗಳನ್ನು 1970ರ ದಶಕದಿಂದಲೇ ಅಧ್ಯಯನ ಮಾಡಿದ್ದಾರೆ.

ಜೋಡಿಯ ಮಹತ್ವ ಅತ್ಯಂತ ತೀಕ್ಷ್ಣವಾಗಿ ಕಾಣುವುದು ರಫ್ ಎಂಬ ಹಕ್ಕಿಯಲ್ಲಿ. ಉತ್ತರ ಯುರೋಪು, ಸೈಬೀರಿಯಾಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಭಾರತದ ಕೆರೆಗದ್ದೆಗಳಿಗೂ ವಲಸೆ ಬರುವ ನೀರುಹಕ್ಕಿ ಇದು. ಇದರ ಗಂಡುಗಳಲ್ಲಿ ಮೂರು ಬಗೆ. ಹೆಚ್ಚಿನವು ಕುತ್ತಿಗೆಯ ದಟ್ಟ ಗರಿಗಳನ್ನು ಕೆದರಿಸಿ ಜಾಗಕ್ಕಾಗಿ ಕಾದಾಡುತ್ತವೆ. ಬಿಳಿಗರಿಯ ಕೆಲವು ಜಗಳಕ್ಕೆ ಹೋಗದೆ ಕಾದಾಡುವವರ ಪಕ್ಕದಲ್ಲಿ ನಿಂತು ಅವಕಾಶ ನೋಡುತ್ತವೆ. ಅಪರೂಪದ ಮೂರನೆಯ ಬಗೆ ನೋಡಲು ಹೆಣ್ಣಿನಂತೆಯೇ ಇದ್ದು ಸದ್ದಿಲ್ಲದೆ ಕೂಡಿ ಹೋಗುತ್ತದೆ. ಗಾತ್ರ, ಬಣ್ಣ, ಹಾರ್ಮೋನು, ನಡವಳಿಕೆ ಎಲ್ಲವೂ ಬೇರೆ. ಆದರೆ ಕೊನೆಯ ಎರಡು ಬಗೆಗಳ ಹಿಂದಿರುವುದು ಸುಮಾರು 38 ಲಕ್ಷ ವರ್ಷಗಳ ಹಿಂದೆ ಆದ ಒಂದೇ ಇನ್ವರ್ಷನ್, ಅದರೊಳಗಿನ ನೂರಕ್ಕೂ ಹೆಚ್ಚು ಜೀನುಗಳು ಎಂದು 2016ರಲ್ಲಿ ಎರಡು ತಂಡಗಳು ತೋರಿಸಿದವು. ಮುರಿತದ ಒಂದು ಜಾಗ ಸೆಂಟ್ರೊಮಿಯರ್‌ನ ಕೆಲಸಕ್ಕೆ ಬೇಕಾದ ಒಂದು ಜೀನನ್ನು ಸೀಳಿದೆ. ಹಾಗಾಗಿ ಎರಡೂ ತಂತು ತಿರುಗಿದ್ದರೆ ಮರಿ ಬದುಕುವುದಿಲ್ಲ. ಪರಿಣಾಮವಾಗಿ ತಿರುಗಿದ ತಂತುವಿಗೆ ಇನ್ನೊಂದು ತಿರುಗಿದ ತಂತು ಜೊತೆಯಾಗಿ ಸಿಗುವುದೇ ಇಲ್ಲ. ಲಕ್ಷಾಂತರ ವರ್ಷ ಅದು ನೆಟ್ಟಗಿನ ತಂತುವಿನೊಡನೆಯೇ ಬಾಳಿದೆ, ಬೆರೆಯದೆ ತನ್ನದೇ ದಾರಿ ಹಿಡಿದಿದೆ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕುಣಿಕೆಯೊಳಗೆ ಎರಡು ಕ್ರಾಸಿಂಗ್ ಓವರ್ ಒಟ್ಟಿಗೆ ನಡೆದಾಗ ಅಥವಾ ಸಣ್ಣ ತುಣುಕಷ್ಟೇ ನಕಲಾದಾಗ ಸರಿಯಾದ ತಂತು ಉಳಿದುಕೊಳ್ಳುತ್ತದೆ. ಬಿಳಿಗರಿಯ ಗಂಡು ಹುಟ್ಟಿದ್ದು ಸುಮಾರು ಐದು ಲಕ್ಷ ವರ್ಷಗಳ ಹಿಂದೆ ಅಂಥ ಅಪರೂಪದ ಬೆರಕೆಯಿಂದ.

ಗಂಟು ಕಟ್ಟುವುದರಲ್ಲಿ ಲಾಭವಷ್ಟೇ ಇದೆಯೇ ಎಂದು ಕೇಳುವುದು ನ್ಯಾಯ. ಇಲ್ಲ. ಅದಲುಬದಲು ಇಲ್ಲದ ಕಡೆ ಒಳ್ಳೆಯ ರೂಪವನ್ನು ಕೆಟ್ಟ ರೂಪದಿಂದ ಬೇರ್ಪಡಿಸುವ ದಾರಿಯೂ ಇಲ್ಲ. ಹಾನಿಕರ ಮಾರ್ಪಾಡುಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಗಂಡಸರ ವೈ ವರ್ಣತಂತುವಿನ ಇತಿಹಾಸವನ್ನು ಬ್ರೂಸ್ ಲಾನ್ ಮತ್ತು ಡೇವಿಡ್ ಪೇಜ್ 1999ರಲ್ಲಿ ವಿವರಿಸಿದ್ದು ಹೀಗೆಯೇ. ಒಂದು ಕಾಲಕ್ಕೆ ಎಕ್ಸ್ ಮತ್ತು ವೈ ಸಮಾನ ಜೊತೆಗಾರರು. ವೈನಲ್ಲಿ ಹಂತ ಹಂತವಾಗಿ, ಬಹುಶಃ ಒಂದಾದ ಮೇಲೊಂದು ಇನ್ವರ್ಷನ್‌ನಿಂದ, ಎಕ್ಸ್‌ನೊಡನೆ ಬೆರೆಯುವುದು ನಿಂತಿತು. ಇಂದು ಎಕ್ಸ್‌ನಲ್ಲಿ ಪ್ರೋಟೀನಿನ 800ಕ್ಕೂ ಹೆಚ್ಚು ಜೀನುಗಳಿವೆ, ವೈನಲ್ಲಿ ಸುಮಾರು ನೂರು. ಇಲ್ಲೂ ಜೋಡಿಯ ನಿಯಮವೇ ಕೆಲಸ ಮಾಡಿದೆ. ಹೆಣ್ಣಿನಲ್ಲಿ ಎಕ್ಸ್‌ಗೆ ತನ್ನಂಥದೇ ಎಕ್ಸ್ ಸಿಗುತ್ತದೆ, ಅಲ್ಲಿ ಬೆರೆತು ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ವೈಗೆ ಆ ಅವಕಾಶ ಎಂದೂ ಇಲ್ಲ. ಇನ್ನೊಂದು ಆಕ್ಷೇಪ ಹಿಮೋಫಿಲಿಯ ಎ ಕಾಯಿಲೆಯನ್ನು ಮುಂದಿಡುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಂಶದ ಜೀನು ಒಂದು ಇನ್ವರ್ಷನ್‌ನಿಂದ ಇಬ್ಭಾಗವಾಗುವುದೇ ಈ ಕಾಯಿಲೆಯ ತೀವ್ರ ರೂಪದ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಿಗೆ ಕಾರಣ. ಇಲ್ಲಿ ದೋಷ ತಂತುವಿನಲ್ಲೇ ಇದೆಯಲ್ಲ? ನಿಜ, ಮುರಿತದ ಜಾಗ ಜೀನಿನ ನಡುವೆ ಬಿದ್ದರೆ ಆ ಜೀನು ಹಾಳಾಗುತ್ತದೆ. ರಫ್ ಹಕ್ಕಿಯಲ್ಲೂ ಅದೇ ಆಗಿದೆ. ಅದು ಮುರಿತದ ಹಾನಿ, ಸಾಲು ತಿರುಗಿದ್ದರ ಹಾನಿಯಲ್ಲ. ಮುರಿತ ಜೀನುಗಳ ನಡುವಿನ ಖಾಲಿಜಾಗದಲ್ಲಿ ಬಿದ್ದಾಗ ಹೊತ್ತವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇನ್ನೂ ಗಮನಿಸಬೇಕಾದ್ದು, ಹಿಮೋಫಿಲಿಯದ ಈ ಇನ್ವರ್ಷನ್ ಹೊಸದಾಗಿ ಹುಟ್ಟುವುದು ಬಹುಪಾಲು ಗಂಡಸರ ಮಿಯಾಸಿಸ್‌ನಲ್ಲಿ. ಅಲ್ಲಿ ಎಕ್ಸ್‌ಗೆ ತನ್ನುದ್ದಕ್ಕೂ ಕೂಡಿಕೊಳ್ಳುವ ಜೊತೆಗಾರ ಇಲ್ಲದ್ದರಿಂದ ಅದರ ತುದಿ ತನ್ನ ಮೇಲೇ ಮಡಿಸಿಕೊಂಡು, ತನ್ನೊಳಗಿನ ಎರಡು ಹೋಲುವ ತುಣುಕುಗಳ ನಡುವೆಯೇ ಅದಲುಬದಲು ಮಾಡಿಕೊಳ್ಳುತ್ತದೆ. ಜೊತೆಗಾರ ಇಲ್ಲದಿರುವುದೂ ಜೋಡಿಯ ಪ್ರಶ್ನೆಯೇ.

ಈ ವಾದಕ್ಕೆ ಮನೆಮಂದಿಯ ಬದುಕಿನಲ್ಲಿ ನೇರ ಬೆಲೆಯಿದೆ. ಪದೇ ಪದೇ ಗರ್ಭ ನಿಲ್ಲದ ದಂಪತಿಗೆ ವರ್ಣತಂತು ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ಇನ್ವರ್ಷನ್ ಎಂಬ ಪದ ಕಂಡರೆ, ಅದನ್ನು ಆ ವ್ಯಕ್ತಿಯ ಕಾಯಿಲೆ ಎಂದು ಓದುವ ಅಪಾಯವಿದೆ. ಹೆಂಗಸಿನ ವರದಿಯಾದರೆ ಮನೆಯವರ ದೂರೂ ಜೊತೆಗೆ ಬರುತ್ತದೆ. ಒಂಬತ್ತನೆಯ ವರ್ಣತಂತುವಿನ ಒಂದು ಇನ್ವರ್ಷನ್ ನೂರರಲ್ಲಿ ಒಬ್ಬರಿಂದ ಮೂವರಲ್ಲಿ ಕಂಡುಬರುತ್ತದೆ, ಅದನ್ನು ತಜ್ಞರು ಸಹಜ ವ್ಯತ್ಯಾಸವೆಂದೇ ಎಣಿಸುತ್ತಾರೆ. ಸೆಂಟ್ರೊಮಿಯರ್ ಹೊರಗುಳಿದ ಇನ್ವರ್ಷನ್‌ನಲ್ಲಿ ಹಾಳು ತಂತು ಹೊತ್ತ ಭ್ರೂಣ ಬಹುಮಟ್ಟಿಗೆ ಬೆಳೆಯುವುದೇ ಇಲ್ಲ. ವೈಕಲ್ಯವಿರುವ ಮಗು ಹುಟ್ಟುವ ಸಂಭವ ಕಡಿಮೆ. ಸೆಂಟ್ರೊಮಿಯರ್ ಒಳಗೊಂಡ ಇನ್ವರ್ಷನ್‌ನಲ್ಲಿ ತಿರುಗಿದ ಭಾಗ ದೊಡ್ಡದಾದಷ್ಟೂ ಎಚ್ಚರ ಹೆಚ್ಚಿರಬೇಕು. ಕುಣಿಕೆ ದೊಡ್ಡದಾದರೆ ಅದರೊಳಗೆ ಕ್ರಾಸಿಂಗ್ ಓವರ್ ನಡೆಯುವ ಸಂಭವ ಹೆಚ್ಚು. ಹೊರಗುಳಿದ ತುದಿಗಳು ಚಿಕ್ಕವಾದ್ದರಿಂದ ಹೆಚ್ಚುಕಡಿಮೆಯಾದ ಭಾಗವೂ ಚಿಕ್ಕದು, ಹಾಗಾಗಿ ಮಗು ಹುಟ್ಟುವವರೆಗೆ ಬದುಕಿಬಿಡಬಹುದು. ಅಮೆರಿಕದ ಕೊಲರಾಡೊ ದಕ್ಷಿಣದ ಸ್ಯಾನ್ ಲೂಯಿಸ್ ಕಣಿವೆಯ ಹಿಸ್ಪಾನಿಕ್ ಕುಟುಂಬಗಳಲ್ಲಿ ಎಂಟನೆಯ ವರ್ಣತಂತುವಿನ ಅಂಥದೊಂದು ಇನ್ವರ್ಷನ್ ಪೂರ್ವಜರಿಂದ ಹರಿದು ಬಂದಿದೆ. ಹೊತ್ತವರು ಆರೋಗ್ಯವಂತರು. ಆದರೆ ಒಂದು ತುದಿ ಕಡಿಮೆಯಾಗಿ ಇನ್ನೊಂದು ತುದಿ ಇಮ್ಮಡಿಯಾದ ತಂತುವಿನಿಂದ ಹೃದಯದ ದೋಷ, ಬುದ್ಧಿ ಬೆಳವಣಿಗೆಯ ಕೊರತೆ ಇರುವ ಮಗು ಹುಟ್ಟುವ ಸಂಭವ ನೂರಕ್ಕೆ ಸುಮಾರು ಆರು. ಎಂದರೆ ಉಳಿದ ತೊಂಬತ್ತನಾಲ್ಕು ಪಾಲಿನಲ್ಲಿ ಆ ತೊಂದರೆ ಇಲ್ಲ.

ಹೀಗಾಗಿ ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಸೆಂಟ್ರೊಮಿಯರ್ ತಿರುಗಿದ ಭಾಗದ ಒಳಗಿದೆಯೇ, ಹೊರಗಿದೆಯೇ? ಆ ಭಾಗ ಎಷ್ಟು ದೊಡ್ಡದು? ಮುರಿತ ಯಾವುದಾದರೂ ಜೀನಿನ ಮೇಲೆ ಬಿದ್ದಿದೆಯೇ? ಅದೇ ಇನ್ವರ್ಷನ್ ಮನೆಯ ಹಿರಿಯರಲ್ಲಿ ಇದ್ದು ಅವರಿಗೆ ಆರೋಗ್ಯವಂತ ಮಕ್ಕಳಾಗಿದ್ದಾರೆಯೇ? ಇವುಗಳಿಗೆ ಉತ್ತರ ತಿಳಿದ ಆನುವಂಶಿಕ ಸಲಹೆಗಾರರು ದಂಪತಿಗೆ ಕೊಡಬಲ್ಲದ್ದು ಒಂದು ಅಂದಾಜು ಸಂಭವ, ಗರ್ಭದಲ್ಲಿರುವಾಗಲೇ ಪರೀಕ್ಷಿಸುವ ದಾರಿ. ಯಾರ ಮೇಲೂ ತಪ್ಪು ಹೊರಿಸುವ ಅಧಿಕಾರವನ್ನು ಈ ವಿಜ್ಞಾನ ಯಾರಿಗೂ ಕೊಡುವುದಿಲ್ಲ. ಅದಕ್ಕಿಂತ ವಿಶಾಲವಾದ ಮಾತೊಂದಿದೆ. ಜೀನುಗಳನ್ನು ಒಳ್ಳೆಯವು ಕೆಟ್ಟವು ಎಂದು ಪಟ್ಟಿಮಾಡಿ ಆನುವಂಶಿಕತೆಯನ್ನು ಅರ್ಥಮಾಡಿಕೊಂಡೆವು ಎಂದುಕೊಳ್ಳುವ ರೂಢಿ ಬಲವಾಗಿ ಬೇರೂರಿದೆ. ಹೊಸ ಜೀನನ್ನು ಸೇರಿಸದೆ ಮುಖ್ಯವಾಗಿ ಸಾಲನ್ನಷ್ಟೇ ತಿರುಗಿಸುವ ಇನ್ವರ್ಷನ್ ಒಂದು ಕಡೆ ನೊಣಗಳನ್ನು ಹವೆಗೆ ಒಗ್ಗಿಸಿದೆ, ಇನ್ನೊಂದು ಕಡೆ ಒಂದು ಹಕ್ಕಿಯಲ್ಲಿ ಮೂರು ಬಗೆಯ ಗಂಡುಗಳನ್ನು ಉಳಿಸಿದೆ, ಮತ್ತೊಂದು ಕಡೆ ಕೆಲವು ತಾಯ್ತಂದೆಯರಿಗೆ ದುಃಖ ತಂದಿದೆ. ಈ ಮೂರರ ಹಿಂದೆಯೂ ಇರುವುದು ಎರಡು ಸಾಲುಗಳು ಮಿಯಾಸಿಸ್‌ನಲ್ಲಿ ಎದುರಾಗುವ ಆ ಒಂದೇ ಘಟನೆ. ಶಾಲಾ ಕಾಲೇಜುಗಳಲ್ಲಿ ಇನ್ವರ್ಷನ್ನನ್ನು ದೋಷಗಳ ಪಟ್ಟಿಯಿಂದ ತೆಗೆದು ಮಿಯಾಸಿಸ್‌ನ ಪಾಠದ ಜೊತೆಗೇ ಕಲಿಸಿದರೆ, ನಾಳೆ ವೈದ್ಯರಾಗುವವರಿಗೂ ತಾಯ್ತಂದೆಯರಾಗುವವರಿಗೂ ಅದು ಸರಿಯಾದ ಜಾಗದಲ್ಲಿ ಅರ್ಥವಾಗುತ್ತದೆ.